ಸೃಷ್ಟಿಕರ್ತನಿಗೆ ರುಜುವಾತು ಬೇಕೆ?

ನವಿಲಿನ ಗರಿಗೆ ಬಣ್ಣ ಹಚ್ಚಿದವನು ಯಾರು ಎಂಬ ಪ್ರಶ್ನೆಯನ್ನು ಕನ್ನಡಕ್ಕೆ ಯಾವ ಪಾದ್ರಿಯೂ ತರಬೇಕಾಗಿರಲಿಲ್ಲ. ಹಾವೇರಿ ಸೀಮೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ಅದನ್ನು 16ನೇ ಶತಮಾನದಲ್ಲೇ ಹಾಡಿ ಕೇಳಿದ್ದರು. ಮನಸ್ಸಿಗೆ ತಲ್ಲಣ ಬೇಡವೆಂದು ಧೈರ್ಯ ಹೇಳುವ ಅವರ ಕೀರ್ತನೆಯಲ್ಲಿ ಬೆಟ್ಟದ ಮರ, ಕಲ್ಲೊಳಗಿನ ಕಪ್ಪೆ, ಅಡವಿಯ ಮೃಗ ಎಲ್ಲವೂ ಬರುತ್ತವೆ. ಬಾಡದ ನೆರೆಯ ಬಂಕಾಪುರದ ಕೋಟೆ ಇವತ್ತು ನವಿಲುಧಾಮವಾಗಿರುವುದರಿಂದ, ಕನಕರ ಪ್ರಶ್ನೆಯನ್ನು ಅವರ ಊರಿನ ಹತ್ತಿರವೇ ನಿಂತು ಕೇಳಿಕೊಳ್ಳಬಹುದು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದಾಗ ಇಲ್ಲಿನ ಜನಕ್ಕೆ ಸೃಷ್ಟಿಕರ್ತನ ಭಾವನೆ ಹೊಸದಾಗಿರಲಿಲ್ಲ. ಆ ಸೃಷ್ಟಿಕರ್ತ ಕ್ರಿಸ್ತನಲ್ಲಿ ಮನುಷ್ಯರಿಗೆ ಮುಖ ತೋರಿದ ಎಂಬ ಸುವಾರ್ತೆ ಹೊಸದಾಗಿತ್ತು.

ಸುಗ್ಗಿ ಹಬ್ಬದ ಆರಾಧನೆಗೆ ನಮ್ಮ ವಿಶ್ವಾಸಿಗಳು ಹೊಲದಲ್ಲಿ ಬಂದ ಫಸಲನ್ನು ತಂದು ಪೀಠದ ಮುಂದೆ ಇಡುತ್ತಾರೆ: ಗೋವಿನಜೋಳದ ತೆನೆ, ಹತ್ತಿ, ಕುಂಬಳಕಾಯಿ, ಕೆಂಪು ಮೆಣಸಿನಕಾಯಿ. ಆ ದಿನದ ಪ್ರಸಂಗದಲ್ಲಿ ಒಂದು ಮಾತು ಬಂದೇ ಬರುತ್ತದೆ. ಇಷ್ಟು ಅಚ್ಚುಕಟ್ಟಾದ ಕಾಯಿ ತಾನೇ ತಾನಾಗಿ ಆದೀತೆ? ಇದನ್ನು ರೂಪಿಸಿದವನೊಬ್ಬ ಇರಲೇಬೇಕಲ್ಲವೆ? ಕೃತಜ್ಞತೆಯ ಮಾತಾಗಿ ಅದಕ್ಕೆ ನಾನು ಮನಸಾರೆ ಆಮೆನ್ ಅನ್ನುತ್ತೇನೆ. ಅದೇ ಮಾತನ್ನು ದೇವರಿದ್ದಾನೆ ಎಂಬುದಕ್ಕೆ ರುಜುವಾತಾಗಿ, ವಿಕಾಸವಾದಕ್ಕೆ ಖಂಡನೆಯಾಗಿ ಬಳಸತೊಡಗಿದಾಗ ಮಾತ್ರ ನನಗೆ ಒಪ್ಪಲಾಗುವುದಿಲ್ಲ. ಅದರಿಂದ ವಿಜ್ಞಾನಕ್ಕೆ ಆಗುವ ಹಾನಿ ಸಣ್ಣದು, ನಂಬಿಕೆಗೆ ಆಗುವ ಹಾನಿ ದೊಡ್ಡದು ಎಂದು ನಾನು ತಿಳಿದಿದ್ದೇನೆ.

ಪೀಠದ ಮುಂದಿನ ಆ ಮೆಣಸಿನಕಾಯಿಯನ್ನೇ ನೋಡೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಅದರ ಗುಣ ಇಲ್ಲಿಯ ಪ್ರತಿ ಮನೆಗೂ ಗೊತ್ತು: ಸುಕ್ಕುಗಟ್ಟಿದ ಸಿಪ್ಪೆ, ಗಾಢ ಕೆಂಪು ಬಣ್ಣ, ಕಡಿಮೆ ಖಾರ. ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆಗಳಿವೆ. ಅದರಿಂದ ತೆಗೆದ ಓಲಿಯೋರೆಸಿನ್ ತಿನಿಸಿಗೂ ತುಟಿಯ ಬಣ್ಣಕ್ಕೂ ಹೋಗುತ್ತದೆ. ಅಡುಗೆಗೆಂದೇ ಮಾಡಿದಂತಿರುವ ಈ ಕಾಯಿಯನ್ನು ಮಾಡಿದವರು ಯಾರು? ಮೆಣಸಿನ ಗಿಡ ಮೊದಲು ಈ ಮಣ್ಣಿನದಲ್ಲ. ಮೆಕ್ಸಿಕೊ ಕಡೆಯ ಜನ ಸಾವಿರಾರು ವರ್ಷ ಅದನ್ನು ಒಗ್ಗಿಸಿ ಬೆಳೆಸಿದ ಮೇಲೆ, ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ದಡಕ್ಕೆ ಬಂತು. ಇಲ್ಲಿಯ ಒಕ್ಕಲಿಗರು ತಲೆಮಾರುಗಟ್ಟಲೆ ಬಣ್ಣ ಚೆನ್ನಾಗಿದ್ದ ಗಿಡದ ಬೀಜವನ್ನು ಆರಿಸಿ ಎತ್ತಿಟ್ಟರು. ಈ ರೂಪದ ಹಿಂದೆ ಬುದ್ಧಿಯುಳ್ಳ ಕೈಗಳು ಇದ್ದದ್ದು ನಿಜ. ಅವು ಮನುಷ್ಯರ ಕೈಗಳು. ಡಾರ್ವಿನ್ 1859ರ ತನ್ನ ಗ್ರಂಥವನ್ನು ಶುರುಮಾಡಿದ್ದು ಇಂಥ ಆಯ್ಕೆಯಿಂದಲೇ. ಸಾಕಿದ ಪ್ರಾಣಿ, ಬೆಳೆಸಿದ ಗಿಡಗಳಲ್ಲಿ ಮನುಷ್ಯನ ಆಯ್ಕೆ ಇಷ್ಟು ಬದಲಾವಣೆ ತರುವುದಾದರೆ, ಬದುಕುಳಿಯುವ ಹೋರಾಟವೇ ಆರಿಸುತ್ತ ಹೋದರೆ ಎಷ್ಟಾಗಬಹುದು ಎಂಬುದು ಅವನ ವಾದದ ಮೊದಲ ಮೆಟ್ಟಿಲು.

ಹಾಗಾದರೆ ಖಾರ? ಅದು ಮನುಷ್ಯ ಇಟ್ಟದ್ದಲ್ಲ, ಕಾಡು ಮೆಣಸಿನಲ್ಲೇ ಇತ್ತು. ಖಾರದ ಕ್ಯಾಪ್ಸೈಸಿನ್ ಸಸ್ತನಿಗಳ ನರದಲ್ಲಿ ಉರಿಯ ಸಂವೇದನೆ ಎಬ್ಬಿಸುತ್ತದೆ. ಅದು ಮುಟ್ಟುವ ಗ್ರಾಹಕವನ್ನು 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಗುರುತಿಸಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಹಕ್ಕಿಗಳ ಗ್ರಾಹಕಕ್ಕೆ ಈ ವಸ್ತು ತಾಗುವುದಿಲ್ಲ. ಇಲಿಯಂಥ ಪ್ರಾಣಿ ಬೀಜವನ್ನು ಹಲ್ಲಿನಿಂದ ಅರೆದು ಕೊಲ್ಲುತ್ತದೆ, ಹಕ್ಕಿ ಇಡಿಯಾಗಿ ನುಂಗಿ ದೂರ ಹೋಗಿ ಹಾಕುತ್ತದೆ. ಹೀಗೆ ಖಾರ ಗಿಡಕ್ಕೆ ಬೇಡದವರನ್ನು ದೂರವಿಟ್ಟು ಬೇಕಾದವರನ್ನು ಕರೆಯುತ್ತದೆ ಎಂದು 2001ರ ಒಂದು ಅಧ್ಯಯನ ತೋರಿಸಿತು. ಬೊಲಿವಿಯಾದ ಕಾಡು ಮೆಣಸಿನ ಮೇಲೆ 2008ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ ಖಾರ ಬೀಜವನ್ನು ಬೂಷ್ಟಿನಿಂದಲೂ ಕಾಯುತ್ತದೆ. ಖಾರಕ್ಕೆ ಹೀಗೆ ಕಾರಣವೂ ಚರಿತ್ರೆಯೂ ಇದೆ.

ಈಗ ಪ್ರಸಂಗ ಮಾಡಿದವರು ಏನು ಹೇಳಬೇಕು? ಕಾರಣ ಗೊತ್ತಿಲ್ಲದಿದ್ದಾಗ ದೇವರ ಕೈ ಎಂದವರು, ಕಾರಣ ಗೊತ್ತಾದ ದಿನ ದೇವರ ಕೈಯನ್ನು ಹಿಂತೆಗೆಯಬೇಕಾಗುತ್ತದೆ. ಅಮೆರಿಕದಲ್ಲಿ ಮೈಕೆಲ್ ಬೀಹೆ 1996ರಲ್ಲಿ ಬರೆದ ಪುಸ್ತಕದಿಂದ ಬಲ ಪಡೆದ ‘ಬುದ್ಧಿಪೂರ್ವಕ ವಿನ್ಯಾಸ’ದ ವಾದ ಇದೇ ದಾರಿ ಹಿಡಿಯಿತು. ಬ್ಯಾಕ್ಟೀರಿಯಾದ ಬಾಲದಂಥ ಅಂಗಗಳನ್ನು ತೋರಿಸಿ, ಇವು ಹಂತಹಂತವಾಗಿ ವಿಕಾಸವಾಗಲಾರವು, ಆದ್ದರಿಂದ ವಿನ್ಯಾಸಕಾರನಿದ್ದಾನೆ ಎಂದಿತು. ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲೆಗಳ ವಿಚಾರದಲ್ಲಿ ಅದು ಕೋರ್ಟಿಗೆ ಹೋಗಿ, 2005ರ ಡಿಸೆಂಬರಿನಲ್ಲಿ ಇದು ವಿಜ್ಞಾನವಲ್ಲ ಎಂಬ ತೀರ್ಪು ಬಂತು. ಕೋರ್ಟಿನ ಮಾತು ಒತ್ತಟ್ಟಿಗಿರಲಿ. ವಿಶ್ವಾಸಿಯಾಗಿ ನನ್ನ ತಕರಾರು ಬೇರೆ. ವಿವರಣೆ ಸಿಗದ ಸಂದುಗಳಲ್ಲಿ ಮಾತ್ರ ಕೆಲಸ ಮಾಡುವವನು, ಉಳಿದೆಡೆ ನಿಸರ್ಗವನ್ನು ಅದರ ಪಾಡಿಗೆ ಬಿಟ್ಟವನು, ಸತ್ಯವೇದದ ದೇವರಲ್ಲ. ಕೀರ್ತನೆ 104ರಲ್ಲಿ ದೇವರು ಹುಲ್ಲು ಮೊಳೆಯಿಸುತ್ತಾನೆ, ಸಿಂಹದ ಮರಿಗಳು ದೇವರನ್ನೇ ಆಹಾರ ಕೇಳುತ್ತವೆ. ಹುಲ್ಲು ಮಳೆಯಿಂದ ಮೊಳೆಯುತ್ತದೆ, ಸಿಂಹ ಬೇಟೆಯಾಡಿ ತಿನ್ನುತ್ತದೆ ಎಂಬುದು ಆ ಕವಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಕಾರಣ ತಿಳಿದಿದ್ದರಿಂದ ದೇವರ ಕೆಲಸ ಕಡಿಮೆಯಾಯಿತು ಎಂದು ಅವನಿಗೆ ಅನ್ನಿಸಲಿಲ್ಲ, ಅಷ್ಟೆ.

ಇದು ಡಾರ್ವಿನ್ನನಿಗೆ ಹೆದರಿ ನಾವು ಇತ್ತೀಚೆಗೆ ಮಾಡಿಕೊಂಡ ಹೊಂದಾಣಿಕೆಯಲ್ಲ. 5ನೇ ಶತಮಾನದ ಆರಂಭದಲ್ಲೇ ಆಗಸ್ಟೀನ್ ಆದಿಕಾಂಡದ ಮೇಲೆ ಬರೆಯುತ್ತ, ದೇವರು ಲೋಕದಲ್ಲಿ ಬೀಜರೂಪದ ಶಕ್ತಿಗಳನ್ನಿಟ್ಟ, ಅವು ತಮ್ಮ ತಮ್ಮ ಕಾಲಕ್ಕೆ ಅರಳುತ್ತವೆ ಎಂದಿದ್ದ. ಆರು ದಿನಗಳನ್ನು ಇಪ್ಪತ್ನಾಲ್ಕು ಗಂಟೆಯ ದಿನಗಳೆಂದು ಅವನು ಓದಲಿಲ್ಲ. ಆಗಸ್ಟೀನ್ ವಿಕಾಸವಾದಿ ಅಂತ ನಾನು ಹೇಳುತ್ತಿಲ್ಲ, ಆ ಪ್ರಶ್ನೆ ಅವನ ಕಾಲದ್ದೇ ಅಲ್ಲ. ಅಕ್ಷರಾರ್ಥವೊಂದೇ ಹಿರಿಯರ ದಾರಿಯೆಂಬ ಮಾತು ಮಾತ್ರ ನಿಲ್ಲುವುದಿಲ್ಲ.

ಆದಿಕಾಂಡದಲ್ಲಿ ಜೀವಿಗಳು ತಂತಮ್ಮ ಜಾತಿಗನುಸಾರ ಹುಟ್ಟಿದವು ಎಂದಿದೆ. ಆದ್ದರಿಂದ ಒಂದು ಜಾತಿ ಇನ್ನೊಂದರ ಗೆರೆ ದಾಟಲಾರದು ಎಂದು ಕೆಲವರು ವಾದಿಸುತ್ತಾರೆ. ಅವರು ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಿಗೆ ಒಮ್ಮೆ ಬರಬೇಕು. ಸಂಜೆ ಹೆಣ್ಣುಮಕ್ಕಳು ಸಾಲು ಹಿಡಿದು ಮೊಗ್ಗುಗಳ ಗಂಡುಭಾಗವನ್ನು ಉಗುರಿನಿಂದ ತೆಗೆಯುತ್ತಾರೆ, ಮರುದಿನ ಬೆಳಿಗ್ಗೆ ಬೇರೆ ಸಾಲಿನ ಹೂ ತಂದು ಪರಾಗ ಸವರುತ್ತಾರೆ. ಕ್ರಾಸಿಂಗ್ ಎಂದೇ ಕರೆಯುವ ಈ ಕೂಲಿಯಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಧಾರವಾಡದಲ್ಲಿ ಬಿ.ಎಚ್. ಕಟರ್ಕಿಯವರ ಕಾಲದ ಕೃಷಿ ಸಂಶೋಧನೆಯ ಹುರುಪಿನಲ್ಲಿ 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿ ಎರಡು ಬೇರೆ ಬೇರೆ ಪ್ರಭೇದಗಳ ಸಂಕರ. ಇವತ್ತು ಲೋಕವೆಲ್ಲ ಬೆಳೆಯುವ ಅಮೆರಿಕನ್ ಹತ್ತಿಯೇ ಹತ್ತು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ ಎರಡು ಹತ್ತಿಗಳು ತಾವಾಗಿ ಕೂಡಿ ಆದದ್ದು. ಆದಿಕಾಂಡ ಜೀವಿಗಳ ವಿಂಗಡಣೆಯ ಕೋಷ್ಟಕ ಕೊಡಲು ಬರೆದದ್ದೆಂದರೆ ಅದು ಹತ್ತಿಯ ಹೊಲದಲ್ಲೇ ಸೋಲುತ್ತದೆ. ಎಲ್ಲ ಜೀವಿಗಳೂ ಒಬ್ಬನಿಂದ ಬಂದವು, ಅವನ ಕಣ್ಣಿಗೆ ಒಳ್ಳೆಯವಾಗಿ ಕಂಡವು ಎಂದು ಸಾರಲು ಬರೆದದ್ದೆಂದರೆ, ಯಾವ ಸಂಕರವೂ ಅದನ್ನು ಅಲ್ಲಾಡಿಸಲಾರದು.

ವಿನ್ಯಾಸದ ವಾದವನ್ನು ಇಂಗ್ಲಿಷರಲ್ಲಿ ಅತ್ಯಂತ ಸೊಗಸಾಗಿ ಮಂಡಿಸಿದವನು ಪಾದ್ರಿ ವಿಲಿಯಂ ಪೇಲಿ, 1802ರಲ್ಲಿ. ಗಡಿಯಾರ ಕಂಡರೆ ಗಡಿಯಾರ ಮಾಡಿದವನನ್ನು ಊಹಿಸುತ್ತೇವೆ, ಕಣ್ಣನ್ನು ಕಂಡಾಗ ಏಕೆ ಬೇಡ ಎಂದ. ಯುವಕ ಡಾರ್ವಿನ್ ಪೇಲಿಯನ್ನು ಮೆಚ್ಚಿ ಓದಿದವನೇ. ಮುಂದೆ 1860ರ ಏಪ್ರಿಲಿನಲ್ಲಿ ಅವನು ಗೆಳೆಯ ಆಸಾ ಗ್ರೇಗೆ ಬರೆದ ಪತ್ರದಲ್ಲಿ, ನವಿಲುಗರಿ ಕಂಡರೆ ತನಗೆ ಹೊಟ್ಟೆ ತೊಳಸುತ್ತದೆ ಎಂಬರ್ಥದ ಮಾತಿದೆ. ಬದುಕುಳಿಯಲು ನೆರವಾಗುವುದಿರಲಿ, ಓಡುವಾಗ ಭಾರವಾಗುವ ಆ ಬಾಲ ಅವನ ವಾದಕ್ಕೆ ಒಗ್ಗಲಿಲ್ಲ. ಹೆಣ್ಣುಗಳ ಆಯ್ಕೆಯಿಂದ ಗಂಡುಗಳ ಸೊಬಗು ಬೆಳೆಯುತ್ತದೆ ಎಂಬ ಉತ್ತರವನ್ನು 1871ರಲ್ಲಿ ವಿಸ್ತಾರವಾಗಿ ಕೊಟ್ಟ. ಬಂಕಾಪುರದ ಗಂಡುನವಿಲು ಗರಿ ಬಿಚ್ಚುವುದು ಎದುರಿಗಿರುವ ಹೆಣ್ಣುನವಿಲಿಗಾಗಿ. ಅದರ ಚೆಲುವು ನಮಗಾಗಿ ಇರಲೇ ಇಲ್ಲ ಎಂದು ತಿಳಿದಾಗ ನನ್ನ ಬೆರಗು ಹೆಚ್ಚಿತು.

ಆ ಆಸಾ ಗ್ರೇ ಹಾರ್ವರ್ಡಿನ ಸಸ್ಯವಿಜ್ಞಾನಿ, ಅಮೆರಿಕದಲ್ಲಿ ಡಾರ್ವಿನ್ನನ ಪರ ನಿಂತ ಮೊದಲಿಗರಲ್ಲಿ ಒಬ್ಬ, ಕಡೆಯವರೆಗೂ ಕ್ರೈಸ್ತ ವಿಶ್ವಾಸಿ. ವಿಕಾಸದ ಬೆಳಕಿಲ್ಲದೆ ಜೀವವಿಜ್ಞಾನಕ್ಕೆ ಅರ್ಥವಿಲ್ಲ ಎಂದು 1973ರಲ್ಲಿ ಬರೆದ ತಳಿವಿಜ್ಞಾನಿ ಡಾಬ್ಜಾನ್‌ಸ್ಕಿಯೂ ವಿಶ್ವಾಸಿಯೇ. ವಿಕಾಸ ನಡೆದಿದೆ, ಆದ್ದರಿಂದ ದೇವರಿಲ್ಲ ಎನ್ನುವವರಿಗೂ ವಿನ್ಯಾಸವಾದಿಗಳಿಗೂ ದೇವರ ಕಲ್ಪನೆ ಒಂದೇ: ಯಂತ್ರದ ಪಕ್ಕ ನಿಂತ ಇನ್ನೊಬ್ಬ ಮೆಕ್ಯಾನಿಕ್. ಒಬ್ಬರು ಅವನನ್ನು ಕಂಡೆವು ಅನ್ನುತ್ತಾರೆ, ಇನ್ನೊಬ್ಬರು ಕಾಣಲಿಲ್ಲ ಅನ್ನುತ್ತಾರೆ.

ಆದರೆ ಡಾರ್ವಿನ್ನನ ನಿಜವಾದ ಕಷ್ಟ ನವಿಲಲ್ಲ, ಕಣಜ. ಅದೇ 1860ರ ಮೇ ತಿಂಗಳಲ್ಲಿ ಗ್ರೇಗೆ ಬರೆದ ಮತ್ತೊಂದು ಪತ್ರದಲ್ಲಿ, ಜೀವಂತ ಕಂಬಳಿಹುಳುವಿನ ಒಡಲನ್ನೇ ತಿಂದು ಬೆಳೆಯುವ ಕಣಜಗಳನ್ನು ಕರುಣಾಳುವಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ನಂಬಲಾರೆ ಎಂದ. ಈ ಮಾತನ್ನು ಸುಲಭವಾಗಿ ದಾಟಬಾರದು. ನಮ್ಮ ಹತ್ತಿ ಹೊಲಗಳಲ್ಲಿ ಕೃಷಿ ಅಧಿಕಾರಿಗಳು ಟ್ರೈಕೋ ಕಾರ್ಡ್ ಕಟ್ಟಲು ಹೇಳುತ್ತಾರೆ. ಆ ಕಾರ್ಡಿನಿಂದ ಹೊರಬರುವ ಟ್ರೈಕೋಗ್ರಾಮ ಒಂದು ಮಿಲಿಮೀಟರಿಗೂ ಕಡಿಮೆ ಉದ್ದದ ಕಣಜ. ಕಾಯಿಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ರೈತ ಅದಕ್ಕೆ ಮಿತ್ರಕೀಟ ಅನ್ನುತ್ತಾನೆ. ಡಾರ್ವಿನ್ನನಿಗೆ ಕ್ರೌರ್ಯವಾಗಿ ಕಂಡದ್ದರ ಹತ್ತಿರದ ಸಂಬಂಧಿ ಇಲ್ಲಿ ಉಪಕಾರವಾಗಿ ಕಾಣುತ್ತದೆ. ಕಾಯಿಕೊರಕಕ್ಕೆ ಕೇಳಿದರೆ ಏನು ಹೇಳೀತು? ಜೀವಿಗಳ ರಚನೆಯಿಂದ ರಚಿಸಿದವನ ಸ್ವಭಾವವನ್ನು ಓದಲು ಹೊರಟರೆ, ಓದುವವನು ನಿಂತ ಜಾಗಕ್ಕೆ ತಕ್ಕಂತೆ ಅವನು ದಯಾಳುವೂ ಆಗುತ್ತಾನೆ, ನಿರ್ದಯಿಯೂ ಆಗುತ್ತಾನೆ. ಮೆಣಸಿನ ಕೆಂಪನ್ನು ಸಾಕ್ಷಿ ಹೇಳಲು ಕರೆತಂದವರು ಕಣಜವನ್ನು ಹೊರಗೆ ನಿಲ್ಲಿಸುವಂತಿಲ್ಲ. ದೇವರು ಪ್ರೀತಿಸ್ವರೂಪಿ ಎಂದು ಕ್ರೈಸ್ತರು ಕಲಿತದ್ದು ಕೀಟಗಳಿಂದಲ್ಲ. ಶಿಲುಬೆಯ ಮೇಲೆ ನೋವುಂಡವನಿಂದ. ಅಲ್ಲಿ ಕಲಿತು ಬಂದ ಮೇಲೆ ಸೃಷ್ಟಿಯ ಕಡೆ ನೋಡುತ್ತೇವೆ. ಈ ಕ್ರಮ ತಿರುವುಮುರುವಾದರೆ ನಂಬಿಕೆ ನಿಲ್ಲುವುದಿಲ್ಲ.

ಯೋಬನ ಗ್ರಂಥ ಇದನ್ನು ನಮಗಿಂತ ಮೊದಲೇ ಕಂಡಿತ್ತು. ಎಲ್ಲ ಕಳೆದುಕೊಂಡು ನ್ಯಾಯ ಕೇಳಿದ ಯೋಬನಿಗೆ ದೇವರು ಕಾರಣ ಕೊಡಲಿಲ್ಲ, ಕಾಡುಪ್ರಾಣಿಗಳನ್ನು ತೋರಿಸಿದ: ಯಾರ ಕೆಲಸಕ್ಕೂ ಬಾರದ ಕಾಡುಕತ್ತೆ, ಮೊಟ್ಟೆಗಳನ್ನು ಮಣ್ಣಲ್ಲಿ ಬಿಟ್ಟುಹೋಗುವ ಉಷ್ಟ್ರಪಕ್ಷಿ, ರಕ್ತ ಹೀರುವ ಮರಿಗಳ ಹದ್ದು. ಒಂದೂ ಯೋಬನ ಉಪಯೋಗಕ್ಕೆ ಇದ್ದದ್ದಲ್ಲ.

ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಚಿಗರಿಗಳೂ ಹಾಗೆಯೇ. ಸುಮಾರು 119 ಚದರ ಕಿಲೋಮೀಟರಿನ ಆ ಧಾಮ 1974ರಲ್ಲಿ ಆಯಿತು. ಚಿಗರಿಯ ಓಟ ತೋಳದಿಂದ ಪಾರಾಗಲು ಬೇಕಾದ್ದಕ್ಕಿಂತ ಹೆಚ್ಚು. ಅದರ ಹಿಂದೆ ಒಂದು ಕಾಲದಲ್ಲಿ ಚಿರತೆಗಿಂತ ವೇಗದ ಚೀತಾ ಓಡುತ್ತಿತ್ತು. 1947ರಲ್ಲಿ ಮಧ್ಯಭಾರತದ ಕೊರಿಯಾದಲ್ಲಿ ಗುಂಡಿಗೆ ಬಿದ್ದ ಮೂರು ಚೀತಾಗಳ ನಂತರ 1952ರಲ್ಲಿ ಅದು ದೇಶದಿಂದಲೇ ಅಳಿಯಿತೆಂದು ಸಾರಲಾಯಿತು. ಇಲ್ಲದ ಬೇಟೆಗಾರನಿಗಾಗಿ ಕಟ್ಟಿದ ಕಾಲು ಇನ್ನೂ ಓಡುತ್ತಿದೆ. ಜೀವಿಗಳ ಮೈ ಒಂದು ದಿನದ ನಕ್ಷೆಯಲ್ಲ, ಉದ್ದದ ಚರಿತ್ರೆ. ಇದೇ ಬಯಲಲ್ಲಿದ್ದ ಎರ್ಲಡ್ಡು ಹಕ್ಕಿ ಈಗ ಇಲ್ಲಿ ಕಾಣಸಿಗುವುದಿಲ್ಲ, ಇಡೀ ದೇಶದಲ್ಲೇ ಇನ್ನೂರರೊಳಗೆ ಉಳಿದಿದೆ. ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟವರು ನಾವು. ಸೃಷ್ಟಿಯಲ್ಲಿ ವಿನ್ಯಾಸವಿದೆ ಎಂದು ಗಟ್ಟಿಯಾಗಿ ಹೇಳುವ ಸಭೆಗಳಲ್ಲಿ ಎರ್ಲಡ್ಡುವಿಗಾಗಿ ಒಂದು ಪ್ರಾರ್ಥನೆಯನ್ನೂ ನಾನು ಕೇಳಿಲ್ಲ. ಚಿಗರಿ ಹಿಂಡು ಬಿತ್ತಿದ ಪೈರು ಮೇಯ್ದು ಹೋದ ರೈತನ ಸಿಟ್ಟು ನ್ಯಾಯವಾದದ್ದೇ, ಅವನಿಗೆ ಪರಿಹಾರ ಸಿಗಬೇಕು. ಆದರೆ ಚಿಗರಿಗೂ ಬದುಕುವ ಅಪ್ಪಣೆ ನಮ್ಮಿಂದ ಬಂದದ್ದಲ್ಲ.

ಇಲ್ಲಿ ಒಬ್ಬ ವಿಚಾರವಂತ ಕೇಳಬಹುದು: ಖಾರಕ್ಕೆ, ಗರಿಗೆ, ಓಟಕ್ಕೆ ಎಲ್ಲಕ್ಕೂ ಕಾರಣ ಬೇರೆ ಇದ್ದ ಮೇಲೆ ನಿಮ್ಮ ಸೃಷ್ಟಿಕರ್ತ ಏನನ್ನು ವಿವರಿಸುತ್ತಾನೆ? ಯಾವುದನ್ನೂ ವಿವರಿಸದ ನಂಬಿಕೆ ಪೊಳ್ಳಲ್ಲವೆ? ಇದು ಗಟ್ಟಿ ಪ್ರಶ್ನೆ. ನನ್ನ ಉತ್ತರ ಹೀಗೆ. ಕಾರಣಗಳ ಸರಪಳಿ ಎಷ್ಟೇ ಉದ್ದವಾದರೂ, ಏನೂ ಇಲ್ಲದಿರುವ ಬದಲು ಈ ಸರಪಳಿಯಾದರೂ ಏಕೆ ಇದೆ ಎಂಬುದು ಅದರೊಳಗಿನ ಕೊಂಡಿಗಳಿಂದ ತೀರುವ ಪ್ರಶ್ನೆಯಲ್ಲ. ಸೃಷ್ಟಿಯ ನಂಬಿಕೆ ಅದಕ್ಕೆ ಕೊಡುವ ಉತ್ತರ ಪ್ರಯೋಗಾಲಯದಲ್ಲಿ ತೂಗುವಂಥದ್ದಲ್ಲ, ಒಪ್ಪುತ್ತೇನೆ. ಆದರೆ ಅದನ್ನು ನಂಬಿದವನ ಮೇಲೆ ಹೊಣೆ ಬೀಳುತ್ತದೆ. ಕಾಡುಕತ್ತೆಯೂ ಕಣಜವೂ ಇರುವುದು ಒಳ್ಳೆಯದೆಂದು ಅವನು ಹೇಳಬೇಕಾಗುತ್ತದೆ, ಅವುಗಳಿಂದ ಅವನಿಗೆ ಏನೂ ಸಿಗದಿದ್ದಾಗಲೂ.

ಒಡಲಲ್ಲಿ ಕಣಜವನ್ನು ಹೊತ್ತು ಸಾಯುವ ಹುಳುವಿನ ನೋವಿಗೆ ಇದು ಉತ್ತರವಲ್ಲ. ಇಡೀ ಸೃಷ್ಟಿ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದು ಪೌಲನು ರೋಮಾಪುರದವರಿಗೆ ಬರೆದ. ನರಳಾಟವನ್ನು ಅವನು ವಿವರಿಸಲೂ ಇಲ್ಲ, ಮುಚ್ಚಿಡಲೂ ಇಲ್ಲ, ಬಿಡುಗಡೆಯ ನಿರೀಕ್ಷೆ ಇದೆ ಎಂದಷ್ಟೇ ಹೇಳಿದ. ಹಾಗಿದ್ದಮೇಲೆ ನಂಬಿಕೆಗಾಗಿ ವಿಜ್ಞಾನದ ಪಾಠವನ್ನೂ ಮುಚ್ಚಿಡಬೇಕಿಲ್ಲ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ ಇದರಿಂದ ನಂಬಿಕೆಗೆ ಲಾಭವೆಂದು ಸಂತೋಷಪಡುವುದಕ್ಕೆ ನನಗೆ ಏನೂ ಕಾಣಲಿಲ್ಲ. ಭಾನುವಾರ ಸಂಡೇ ಸ್ಕೂಲಿನಲ್ಲಿ ಕೀರ್ತನೆ 104 ಬಾಯಿಪಾಠ ಮಾಡುವ ಹಾವೇರಿಯ ಹುಡುಗಿ ಸೋಮವಾರ ತರಗತಿಯಲ್ಲಿ ಚಿಗರಿಯ ಕಾಲಿನ ಚರಿತ್ರೆಯನ್ನೂ ಕಲಿಯಬೇಕು, ಎರಡನ್ನೂ ಒಬ್ಬರೇ ಗುರುಗಳು ಕಲಿಸಿದರೆ ಇನ್ನೂ ಒಳ್ಳೆಯದು.