ಯಂತ್ರಕ್ಕೆ ಹೇಳಿದ ಸುಳ್ಳು

ಡೆಲಿವರಿ ಕೆಲಸದಲ್ಲಿರುವ ನಮ್ಮ ಹುಡುಗರು ಉಸ್ತಾದರ ಬಳಿ ಕೇಳಲು ಹಿಂಜರಿಯುವ, ಆದರೆ ರೂಮಿನಲ್ಲಿ ತಮ್ಮತಮ್ಮೊಳಗೆ ಕೇಳಿಕೊಳ್ಳುವ ಒಂದು ಪ್ರಶ್ನೆಯಿದೆ. ಮನುಷ್ಯನಿಗೆ ಸುಳ್ಳು ಹೇಳುವುದು ಪಾಪ, ಸರಿ. ಮೊಬೈಲಿನಲ್ಲಿರುವ ಆ್ಯಪ್‌ಗೆ ಸುಳ್ಳು ಹೇಳಿದರೆ? ಅದಕ್ಕೆ ಮನಸ್ಸಿಲ್ಲ, ನೋವಾಗುವುದಿಲ್ಲ. ಬಿಲ್ಡಿಂಗಿನ ಕೆಳಗೆ ನಿಂತೇ ‘ತಲುಪಿಸಿದೆ’ ಎಂದು ಒತ್ತಿದರೆ, ಗಿರಾಕಿ ಫೋನ್ ಎತ್ತಲಿಲ್ಲವೆಂದು ಹೇಳಿ ಊಟವನ್ನು ತಾನೇ ಇಟ್ಟುಕೊಂಡರೆ, ಒಬ್ಬನ ಐಡಿಯಲ್ಲಿ ಇನ್ನೊಬ್ಬ ಬೈಕ್ ಓಡಿಸಿದರೆ, ಮೋಸ ಹೋದವರು ಯಾರು?

ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವಂತಿಲ್ಲ. ನಮ್ಮ ಹಿರಿಯರು ದುಬೈಗೋ ಶಾರ್ಜಾಕ್ಕೋ ಬಂದು ಬಕಾಲದಲ್ಲಿ, ಹೋಟೆಲಿನಲ್ಲಿ ಕೆಲಸಕ್ಕೆ ನಿಂತಾಗ ಎದುರಿಗೆ ಒಬ್ಬ ಮುದೀರ್ ಇರುತ್ತಿದ್ದ. ಅವನ ಮುಖ ನೋಡಿ ಸುಳ್ಳು ಹೇಳಲು ನಾಲಿಗೆ ತಡವರಿಸುತ್ತಿತ್ತು. ಈಗ ಆ್ಯಪ್ ಒಬ್ಬರದು, ವೀಸಾ ಇನ್ನೊಂದು ಕಂಪನಿಯದು, ಬೈಕ್ ಬಾಡಿಗೆಯದು. ಊಟ ಬೇಯಿಸಿದವನನ್ನು ಅರೆ ನಿಮಿಷ ನೋಡುತ್ತೇವೆ, ಉಣ್ಣುವವನ ಕೈ ಮಾತ್ರ ಬಾಗಿಲ ಸಂದಿಯಲ್ಲಿ ಕಾಣುತ್ತದೆ. ಮುಖ ಕಾಣದ ಕಡೆ ಮೋಸ ಹಗುರವಾಗಿ ತೋರುತ್ತದೆ.

ಮದೀನಾದ ಮಾರುಕಟ್ಟೆಯ ಧಾನ್ಯದ ರಾಶಿಯ ಘಟನೆ ನಮಗೆಲ್ಲ ಗೊತ್ತು. ಸಹೀಹ್ ಮುಸ್ಲಿಮ್‌ನಲ್ಲಿ ಅದು ಬಂದಿದೆ. ಪ್ರವಾದಿಯವರು(ಸ) ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆ ಬಿದ್ದಿತ್ತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರವಾದಿಯವರು(ಸ), ವಂಚಿಸುವವನು ತಮ್ಮವನಲ್ಲವೆಂದರು. ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಆ ವ್ಯಾಪಾರಿ ಯಾರಿಗೂ ಬಾಯಿಬಿಟ್ಟು ಸುಳ್ಳು ಹೇಳಿದ್ದಾಗಿ ಆ ವರದಿಯಲ್ಲಿಲ್ಲ. ಸುಳ್ಳು ಹೇಳಿದ್ದು ರಾಶಿ. ಒಣಗಿದ ಕಾಳು ಮೇಲೆ, ಒದ್ದೆ ಕಾಳು ಕೆಳಗೆ. ಧಾನ್ಯಕ್ಕೂ ಮನಸ್ಸಿಲ್ಲ. ಅದರ ಮೂಲಕ ಸುಳ್ಳು ಕೊಳ್ಳುವವನಿಗೆ ತಲುಪುತ್ತಿತ್ತು. ನಮ್ಮ ಕೈಯಲ್ಲಿರುವ ಪರದೆಯೂ ಅಂಥ ರಾಶಿಯೇ. ಅದರ ಮೇಲೆ ನಾವು ಒತ್ತಿದ್ದು ಇನ್ಯಾರದೋ ಮನೆಗೆ ಹೋಗಿ ಮುಟ್ಟುತ್ತದೆ: ತಣ್ಣಗಾದ ಊಟ ಎದುರಿಟ್ಟುಕೊಂಡ ಮುದುಕಿಗೆ, ಬಾರದ ಊಟಕ್ಕೆ ಬೈಗುಳ ತಿನ್ನುವ ಹೋಟೆಲಿನ ಹುಡುಗನಿಗೆ, ನಾಳೆ ಅದೇ ಗಿರಾಕಿಯ ಬಾಗಿಲಲ್ಲಿ ಸಂಶಯದ ನೋಟ ಎದುರಿಸುವ ಇನ್ನೊಬ್ಬ ರೈಡರ್‌ಗೆ. ಆ್ಯಪ್ ಮಾಡಿದ ಕಂಪನಿಗೆ ಬಹುಶಃ ಏನೂ ಆಗುವುದಿಲ್ಲ.

ಗಿರಾಕಿಯೇ ಆರ್ಡರ್ ರದ್ದು ಮಾಡಿ, ಊಟ ನೀನೇ ಇಟ್ಟುಕೋ ಎಂದು ಆ್ಯಪ್ ಹೇಳಿದರೆ ಅದನ್ನು ತಿನ್ನಲು ಅಂಜಬೇಕಿಲ್ಲ. ಫೋನ್ ಮಾಡದೆಯೇ ಮಾಡಿದೆನೆಂದು ತೋರಿಸಿ ಉಳಿಸಿಕೊಂಡ ಬಿರಿಯಾನಿ ಬೇರೆ ಮಾತು. ಅದರಲ್ಲಿ ಇಫ್ತಾರ್ ಮಾಡಿದವನು ದಿನವಿಡೀ ಯಾರಿಗಾಗಿ ಹಸಿದಿದ್ದ? ಬಾತ್‌ರೂಮಿನ ಬಾಗಿಲು ಹಾಕಿ ಒಂದು ಗುಟುಕು ನೀರು ಕುಡಿದರೆ ನೋಡುವವರಿಲ್ಲ. ಆದರೂ ನಾವು ಕುಡಿಯುವುದಿಲ್ಲ. ಕ್ಯಾಮೆರಾ ಇಲ್ಲದ ಕಡೆ ತಡೆದುಕೊಳ್ಳುವ ಈ ಶಕ್ತಿ ನಮ್ಮಲ್ಲಿದೆ, ಪ್ರತಿ ವರ್ಷ ಒಂದು ತಿಂಗಳು ಅದನ್ನು ಬಳಸುತ್ತೇವೆ.

ಇದಕ್ಕೆ ಬರುವ ಎದುರು ಮಾತೂ ನನಗೆ ಗೊತ್ತು. ಆ್ಯಪ್ ಮಾತ್ರ ನಮಗೆ ಸತ್ಯ ಹೇಳುತ್ತದೆಯೇ? ಹೋಟೆಲಿನ ಎದುರು ಬಿಸಿಲಲ್ಲಿ ಕಾದ ಅರ್ಧ ಗಂಟೆ ಅದರ ಲೆಕ್ಕದಲ್ಲಿ ಬರುವುದಿಲ್ಲ. ಯಾರೋ ಕೊಟ್ಟ ಒಂದು ಸ್ಟಾರ್‌ಗೆ ಕಾರಣ ಕೇಳದೆ ಕೆಲಸ ಕಡಿಮೆಯಾಗುತ್ತದೆ. ಈ ದೂರು ನ್ಯಾಯವಾದದ್ದು. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯ್ದೆಯೇ ಬಂದಿರುವುದು ಇಂಥ ದೂರುಗಳಿಂದ. ಆದರೆ ನಮಗೆ ಅನ್ಯಾಯವಾಗಿದೆ ಎಂಬುದು ತಕ್ಕಡಿಯನ್ನು ನಾವೂ ವಾಲಿಸಲು ಅನುಮತಿ ಪತ್ರವಾಗುವುದಿಲ್ಲ. ಹಕ್ಕನ್ನು ಹಗಲಿನಲ್ಲಿ ಕೇಳಬಹುದು. ಯುಎಇಯ 2021ರ 33ನೇ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲಿ ಮಾಡುವಂತಿಲ್ಲ. ಕಾನೂನಿನ ದೃಷ್ಟಿಯಲ್ಲಿ ನಿಮ್ಮ ಧಣಿ ಯಾರ ಹೆಸರಿನಲ್ಲಿ ಪರ್ಮಿಟ್ ಇದೆಯೋ ಆ ಕಂಪನಿ, ಆ್ಯಪ್ ಅಲ್ಲ. ದೂರು ಕೊಡಬೇಕಾದದ್ದು ಅದರ ಮೇಲೆ, ಕಾರ್ಮಿಕ ಸಚಿವಾಲಯಕ್ಕೆ. ಕರಾರಿನ ಪ್ರತಿ, ಕಾದ ಹೊತ್ತಿನ ಸ್ಕ್ರೀನ್‌ಶಾಟ್, ಬೈಕ್ ಬಾಡಿಗೆಯ ರಶೀದಿ ಇಟ್ಟುಕೊಂಡವನ ಮಾತಿಗೆ ಅಲ್ಲಿ ತೂಕವಿದೆ. ಸ್ವತಃ ಸುಳ್ಳು ಒತ್ತಿದವನಿಗೆ ಅಲ್ಲಿಗೆ ಹೋಗುವ ಧೈರ್ಯವೇ ಇರುವುದಿಲ್ಲ.

ಮಗ್ರಿಬ್‌ಗೆ ಮುಂಚಿನ ಓಟದ ಬಗ್ಗೆ ಒಂದೇ ಮಾತು. ಇಫ್ತಾರನ್ನು ತಡಮಾಡಬಾರದು ಎಂಬುದಕ್ಕೆ ರೂಮಿಗೇ ತಲುಪಬೇಕೆಂಬ ಅರ್ಥವಿಲ್ಲ. ಬೈಕ್ ಬದಿಗೆ ನಿಲ್ಲಿಸಿ ಖರ್ಜೂರ, ನೀರು ಸೇವಿಸಿದರೆ ಸುನ್ನತ್ ಪೂರ್ತಿಯಾಯಿತು. ಸಿಗ್ನಲ್‌ಗಳಲ್ಲಿ ಸ್ವಯಂಸೇವಕರು ಪೊಟ್ಟಣ ಹಿಡಿದು ನಿಲ್ಲುವುದು ಈ ಓಟ ತಪ್ಪಿಸಲೆಂದೇ. ದುಬೈಯಲ್ಲಿ 2025ರ ನವೆಂಬರ್ 1ರಿಂದ ದೊಡ್ಡ ರಸ್ತೆಗಳ ವೇಗದ ಲೇನಿಗೆ ಡೆಲಿವರಿ ಬೈಕ್ ಹೋಗುವಂತಿಲ್ಲ. ಕ್ಯಾಮೆರಾ ಇಲ್ಲದ ತಿರುವಿನಲ್ಲೂ ಹೋಗುವಂತಿಲ್ಲ.

ಇನ್ನು ಐಡಿಯ ವಿಷಯ. ಇಲ್ಲಿ ಮನಸ್ಸು ನಿಜವಾಗಿಯೂ ಎರಡಾಗುತ್ತದೆ, ಏಕೆಂದರೆ ಈ ಸುಳ್ಳು ದಯೆಯ ಬಟ್ಟೆ ತೊಟ್ಟು ಬರುತ್ತದೆ. ಊರಿನವನೊಬ್ಬ ವಿಸಿಟ್ ವೀಸಾದಲ್ಲಿ ಬಂದಿದ್ದಾನೆ ಎಂದಿಟ್ಟುಕೊಳ್ಳಿ. ಏಜೆಂಟ್ ಹೇಳಿದ ಕೆಲಸ ಇಲ್ಲ. ಊರಲ್ಲಿ ಉಮ್ಮನ ಚಿನ್ನ ಅಡವಿನಲ್ಲಿದೆ. “ಇಚ್ಚ, ನೀವು ಮಲಗಿರುವ ಹೊತ್ತಿನಲ್ಲಿ ನಿಮ್ಮ ಐಡಿಯಲ್ಲಿ ನಾಲ್ಕು ಆರ್ಡರ್ ಓಡಿಸ್ತೇನೆ” ಎನ್ನುತ್ತಾನೆ. ಇಲ್ಲವೆನ್ನುವುದು ಕಲ್ಲು ಮನಸ್ಸಿನ ಕೆಲಸದಂತೆ ಕಾಣುತ್ತದೆ.

ಆದರೆ ಏನನ್ನು ಕೊಡುತ್ತಿದ್ದೇವೆ ಎಂದು ನೋಡಬೇಕು. ಪರ್ಮಿಟ್ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಧಣಿಗೆ ಈ ದೇಶದಲ್ಲಿ 2024ರಿಂದ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡವಿದೆ; ಸರಕಾರ ಇದನ್ನು ಎಷ್ಟು ಗಂಭೀರವಾಗಿ ನೋಡುತ್ತದೆಂದು ಅದರಿಂದಲೇ ತಿಳಿಯಬಹುದು. ಆ ಹುಡುಗನ ಬೈಕ್ ಒಬ್ಬ ಪಾದಚಾರಿಗೆ ಬಡಿಯಿತೆನ್ನಿ. ಜೀವ ಹೋದರೆ ದಿಯಾ 2 ಲಕ್ಷ ದಿರ್ಹಮ್. ಲೈಸೆನ್ಸ್ ಇಲ್ಲದವನು ಓಡಿಸಿದ್ದರೆ ವಿಮಾ ಕಂಪನಿ ತಾನು ಕೊಟ್ಟದ್ದನ್ನು ಮರಳಿ ಕೇಳಬಹುದು. ಬಾಗಿಲು ತೆರೆದ ಗಿರಾಕಿಯಾದರೋ ಪರದೆಯಲ್ಲಿ ಒಂದು ಮುಖ ನೋಡಿ ಇನ್ನೊಂದು ಮುಖಕ್ಕೆ ಬಾಗಿಲು ತೆರೆದಿರುತ್ತಾನೆ, ಒಳಗೆ ಅವನ ಮಕ್ಕಳಿರುತ್ತಾರೆ. ನನ್ನ ಹೆಸರು ನನ್ನದೇ, ಯಾರಿಗಾದರೂ ಕೊಡುತ್ತೇನೆ ಎನ್ನುವಂತಿಲ್ಲ. ಅದನ್ನು ನಂಬಿದವರೆಲ್ಲರ ಅಮಾನತ್ ಅದರಲ್ಲಿದೆ. ಅಲ್‌ಮಾಇದ ಅಧ್ಯಾಯ ಕರಾರುಗಳನ್ನು ಪೂರೈಸಬೇಕೆಂಬ ಆಜ್ಞೆಯಿಂದಲೇ ಆರಂಭವಾಗುತ್ತದೆ. ಅದರ ಮರು ಸೂಕ್ತದಲ್ಲೇ ಒಳಿತಿನಲ್ಲಿ ಸಹಕರಿಸಬೇಕು, ಪಾಪದಲ್ಲಿ ಸಹಕರಿಸಬಾರದು ಎಂದಿದೆ.

ಇನ್ನೊಂದು ಸಂಗತಿಯನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಐಡಿ ಬಾಡಿಗೆಗೆ ಕೊಟ್ಟವನು ಹೆಚ್ಚಾಗಿ ಸುಮ್ಮನೆ ಕೊಡುವುದಿಲ್ಲ, ಪಾಲು ತೆಗೆಯುತ್ತಾನೆ. ಹಣ ಬರುವುದು ಅವನ ಖಾತೆಗೆ. ಓಡಿಸಿದವನಿಗೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎನ್ನುವುದು ಅವನ ಮರ್ಜಿ. ಕೊಡದಿದ್ದರೆ ಆ ಹುಡುಗ ಯಾರ ಬಳಿ ದೂರು ಹೇಳಬೇಕು? ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಹದೀಸನ್ನು ಕಂಪನಿಗಳ ಬಗ್ಗೆ ಹೇಳುವಾಗ ನಮ್ಮ ಧ್ವನಿ ಏರುತ್ತದೆ. ಒಂದೇ ರೂಮಿನಲ್ಲಿ, ಕೆಳಗಿನ ಮಂಚದವನು ಮೇಲಿನ ಮಂಚದವನ ಧಣಿಯಾಗಿಬಿಟ್ಟಾಗ, ಅದೂ ಸಹಾಯದ ಹೆಸರಿನಲ್ಲಿ, ಯಾರೂ ಆ ಹದೀಸನ್ನು ನೆನಪಿಸುವುದಿಲ್ಲ.

ಹಾಗಾದರೆ ಹುಡುಗನನ್ನು ಏನು ಮಾಡುವುದು? ಬರೀ ‘ಇಲ್ಲ’ ಎಂದು ಮುಖ ತಿರುಗಿಸಿದರೆ ನಮ್ಮ ಪ್ರಾಮಾಣಿಕತೆಯ ಬೆಲೆಯನ್ನು ಅವನಿಂದಲೇ ಕಟ್ಟಿಸಿದಂತೆ. ಝಕಾತ್ ಪಡೆಯಲು ಅರ್ಹರಾದ ಎಂಟು ವಿಭಾಗಗಳನ್ನು ಅತ್ತೌಬ ಅಧ್ಯಾಯದ 60ನೇ ಸೂಕ್ತ ಹೆಸರಿಸುತ್ತದೆ. ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಕೈಬರಿದಾದ ಪ್ರಯಾಣಿಕರು ಅವರಲ್ಲಿದ್ದಾರೆ. ರಮಝಾನಿನಲ್ಲಿ ನಾವು ಝಕಾತನ್ನು ಉಳ್ಳಾಲಕ್ಕೋ ಭಟ್ಕಳಕ್ಕೋ ಕಲಬುರಗಿಗೋ ಕಳುಹಿಸುತ್ತೇವೆ, ಒಳ್ಳೆಯದೇ. ಪಕ್ಕದ ಮಂಚದಲ್ಲಿ ಮಲಗಿರುವವನೂ ಅದಕ್ಕೆ ಅರ್ಹನಾಗಿರಬಹುದು. ಉಸ್ತಾದರನ್ನು ಕೇಳಿ, ಒಂದು ತಿಂಗಳ ಮೆಸ್ಸು, ರೂಮಿನ ಬಾಡಿಗೆ, ಊರಿಗೆ ಮರಳುವ ಟಿಕೆಟ್ ಅದರಿಂದ ಕೊಡಲು ಬರುತ್ತದೆಯೇ ಎಂದು. ವೀಸಾದ ಗೊಂದಲವಿದ್ದರೆ ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 80046342 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ಹೊಸದಾಗಿ ಬಂದವನು ಒಬ್ಬನೇ ಮಾಡಲು ಹೆದರುತ್ತಾನೆ. ಅವನ ಪಕ್ಕದಲ್ಲಿ ಕುಳಿತು ಸ್ಪೀಕರ್ ಹಾಕಿ ಮಾತನಾಡಿ, ಅಗತ್ಯವಿದ್ದರೆ ಒಂದು ದಿನದ ಆರ್ಡರ್ ಬಿಟ್ಟು ಜೊತೆಗೆ ಹೋಗಿ.