ನುಗ್ಗುವವರು, ನಡೆಯುವವರು

2009ರಲ್ಲಿ ಅಮೆರಿಕದಲ್ಲಿ ಗೂಗಲ್‌ನವರು ಪರೀಕ್ಷೆಗೆ ಬಿಟ್ಟಿದ್ದ ಸ್ವಯಂಚಾಲಿತ ಕಾರೊಂದು ನಾಲ್ಕು ರಸ್ತೆ ಕೂಡುವಲ್ಲಿ ಸಿಕ್ಕಿಹಾಕಿಕೊಂಡಿತು. ಅಲ್ಲಿ ಎಲ್ಲರೂ ಪೂರ್ತಿ ನಿಂತು, ಮೊದಲು ಬಂದವರು ಮೊದಲು ಹೊರಡಬೇಕು ಅನ್ನೋದು ನಿಯಮ. ಪಾಪದ ಕಾರು ಉಳಿದವರು ನಿಲ್ಲಲಿ ಅಂತ ಕಾಯ್ತು. ಅವರೋ ಒಂದೊಂದಡಿ ಮುಂದೆ ಸರೀತಾನೇ ಇದ್ರು. ಆಮೇಲೆ ಎಂಜಿನಿಯರುಗಳು ಕಾರಿಗೂ ಒಂಚೂರು ಮುಂದೆ ಸರಿಯೋದನ್ನ ಕಲಿಸಿದರು. ನನಗಿದು ತಪ್ಪು ಅನ್ನಿಸಲ್ಲ. ರಸ್ತೇಲಿ ನಾವೆಲ್ಲ ಮಾತಾಡೋದೇ ಹಾಗೆ.

ಮನುಷ್ಯರು ಯಾವಾಗ ಏನು ಮಾಡ್ತಾರೋ ಹೇಳಕ್ಕಾಗಲ್ಲ, ಅದೇ ಈ ಕಾರುಗಳಿಗೆ ಕಷ್ಟ ಅಂತಾರಲ್ಲ, ನನ್ನ ತಕರಾರು ಅಲ್ಲಿ. 2018ರ ಮಾರ್ಚ್‌ನಲ್ಲಿ ಅರಿಝೋನಾದ ಟೆಂಪೆ ಊರಲ್ಲಿ, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಊಬರ್‌ನ ಪರೀಕ್ಷಾ ಕಾರು ಗುದ್ದಿತು. ಆಕೆ ತೀರಿಕೊಂಡರು. ಗುದ್ದುವ 5 ಸೆಕೆಂಡಿಗೂ ಮೊದಲೇ ಕಾರು ಆಕೆಯನ್ನು ಗುರುತಿಸಿತ್ತು ಅಂತ ತನಿಖೆಯಲ್ಲಿ ಗೊತ್ತಾಯ್ತು. ಆದರೆ ವಾಹನವೋ, ಸೈಕಲ್ಲೋ, ಇನ್ನೇನೋ ಅಂತ ಲೆಕ್ಕ ಬದಲಿಸ್ತಾನೇ ಇತ್ತು. ದಾಟಲು ಗುರುತು ಮಾಡದ ಕಡೆಯೂ ಜನ ದಾಟ್ತಾರೆ ಅನ್ನೋದನ್ನೇ ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಇದರಲ್ಲಿ ಊಹೆಗೆ ಮೀರಿದ್ದೇನಿದೆ? ನಿಯಮ ಮೀರೋದು ಬೇರೆ, ಊಹೆ ಮೀರೋದು ಬೇರೆ. ಯಾರ ನಿಯಮಭಂಗವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು, ಯಾರದನ್ನು ಬಿಡಬಹುದು ಅಂತ ಒಂದು ಕೋಣೆಯಲ್ಲಿ ಕೂತು ತೀರ್ಮಾನಿಸಿದವರು ಮನುಷ್ಯರೇ ಅಲ್ವಾ?

ಉಸ್ತುವಾರಿಗೆ ಕೂತಿದ್ದ ಚಾಲಕರ ಕಣ್ಣು ರಸ್ತೆ ಮೇಲಿರಲಿಲ್ಲ, ನಿಜ. 2023ರಲ್ಲಿ ಅವರು ತಪ್ಪೊಪ್ಪಿಕೊಂಡರು, 3 ವರ್ಷ ಪ್ರೊಬೇಷನ್ ಆಯ್ತು. ಕಂಪನಿಯ ಮೇಲೆ ಕ್ರಿಮಿನಲ್ ಕೇಸು ಹಾಕಲೇ ಇಲ್ಲ.