ಮೆಂತ್ಯದ ಟಬ್ಬಿನಲ್ಲೊಂದು ಪೆಟೂನಿಯ

ದೀಪಾವಳಿಯ ಪಟಾಕಿ ಸದ್ದಡಗಿ ನಮ್ಮ ಬಾಶೆಟ್ಟಿಹಳ್ಳಿಯಲ್ಲಿ ಬೆಳಗಿನ ಚಳಿ ಶುರುವಾಯಿತೆಂದರೆ ನನ್ನ ತಾರಸಿಗೆ ಸುಗ್ಗಿ. ಒಡೆದ ಬಕೆಟ್ಟು, ಎಣ್ಣೆ ಡಬ್ಬ, ಪೇಂಟಿನ ಡಬ್ಬಗಳ ತಳಕ್ಕೆ ತೂತು ಹೊಡೆದು, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ತುಂಬುತ್ತೇನೆ. ಒಂದು ಬಕೆಟ್ಟಿಗೆ ಒಂದೇ ಹೂಕೋಸು. ಅಗಲದ ಟಬ್ಬಿನಲ್ಲಿ ಮೆಂತ್ಯ, ಪಾಲಕ್; ಸಂದಿಯಲ್ಲಿ ಹೂವಿನ ಸಸಿ. ತಿಂಗಳೊಳಗೆ ಮೆಂತ್ಯ ಸಾರಿಗೆ ಹೋಗುತ್ತದೆ. ಅಷ್ಟರಲ್ಲಿ ಹೂವಿನ ಗಿಡ ಮೈತುಂಬಿಕೊಂಡಿರುತ್ತದೆ.

ನಮ್ಮತ್ತೆಗೆ ಇದು ಒಪ್ಪಿಗೆಯಿಲ್ಲ. ಟ್ಯಾಂಕರ್ ನೀರಿಗೆ ಕಾಯುವ ದಿನಗಳಲ್ಲಂತೂ ಅವರ ಮಾತಿಗೆ ತೂಕ ಹೆಚ್ಚು. ಟೊಮ್ಯಾಟೊ ಜೊತೆ ಚೆಂಡುಹೂವು ಹಾಕಿದಾಗ ನಾನು ಪಾಠ ಒಪ್ಪಿಸಿದೆ: "ಇದರ ಬೇರು ಬಿಡೋ ರಸ ಟೊಮ್ಯಾಟೊ ಬೇರಿನ ಗಂಟುಹುಳುಗಳನ್ನ ತಡೆಯುತ್ತೆ ಅತ್ತೆ." ಚೆಂಡುಹೂವು ಪಾಸಾಯಿತು. ಪೆಟೂನಿಯ ಬಂದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಅದು ಟೊಮ್ಯಾಟೊ ಕುಟುಂಬದ್ದೇ. ರೋಗ ಒಂದರಿಂದೊಂದಕ್ಕೆ ಹತ್ತುತ್ತದೆಂದು ದೂರವೇ ಇಡಬೇಕು.

"ಅಲ್ಲಾ ಕಣಮ್ಮಾ, ಮುಡಿಯಕಾಗಲ್ಲ, ತಿನ್ನಕಾಗಲ್ಲ, ದೇವರಿಗೂ ಏರ್ಸಕಾಗಲ್ಲ. ಯಾಕೆ ನೀರು ದಂಡ?"

ನಾನು ಬೆಚ್ಚಿದೆ. ಈ ಪ್ರಶ್ನೆಯನ್ನು ನಾನೇ ಒಮ್ಮೆ ಕೇಳಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೇ ತರಗತಿಯ ಫಲಿತಾಂಶ ಏರಿಸಬೇಕೆಂದು ಗುರುವಾರದ ಚಿತ್ರಕಲೆಯ ಪಿರಿಯಡ್ಡನ್ನು ವ್ಯಾಕರಣಕ್ಕೆ ಕಸಿದುಕೊಂಡೆ. ಗಾರ್ಮೆಂಟ್ಸಿಗೆ ಹೋಗುವ ತಾಯಿಯ ಮಗಳೊಬ್ಬಳು, "ಇವತ್ತೂ ಡ್ರಾಯಿಂಗ್ ಇಲ್ವಾ ಮಿಸ್?" ಎಂದಳು. "ಡ್ರಾಯಿಂಗಿಂದ ಏನಾಗ್ಬೇಕಮ್ಮ?" ಎಂದೆ. ಅವಳು ಬಣ್ಣದ ಡಬ್ಬಿ ಚೀಲದೊಳಗೆ ಇಟ್ಟಳು. ಮತ್ತೆ ಕೇಳಲಿಲ್ಲ. ಫಲಿತಾಂಶವೇನೋ ಏರಿತು.

ಪಕ್ಕದ ದೊಡ್ಡಬಳ್ಳಾಪುರ ಮಗ್ಗಗಳ ಊರು. ಚಿತ್ರ ಬಂದರೆ ಸೀರೆಯ ಡಿಸೈನಿಗಾದರೂ ಆಗುತ್ತಿತ್ತು ಎಂದು ಆಮೇಲೆ ಮರುಗಿದೆ. ಈಗ ಅನ್ನಿಸುತ್ತದೆ, ಅದೂ ಚೆಂಡುಹೂವಿಗೆ ಹೇಳಿದ ಸಬೂಬೇ. ಉಪಯೋಗ ತೋರಿಸಿದರೆ ಮಾತ್ರ ಬದುಕಲು ಅಪ್ಪಣೆ! ಹಾಗಾದರೆ ಕೈಲಾಗದ ಮುದುಕರ ಗತಿಯೇನು? ನಿವೃತ್ತಿಯಾದ ಮೇಲೆ ನನ್ನ ಗತಿಯೇನು? ಮನೆಯಲ್ಲಿ ಹೆಂಗಸಿನ ಬೆಲೆಯನ್ನು ಅಳೆಯುವುದೂ ಇದೇ ಸೇರಿನಲ್ಲಿ ತಾನೆ?

ಹೊಟ್ಟೆ ತುಂಬಿದವರ ಮಾತು ಇದು ಎನ್ನುತ್ತೀರೇನೋ. ಹಸಿವು ಮೊದಲು, ನಿಜ. ಆದರೆ ಸಂಜೆ ಇಲ್ಲಿನ ಫ್ಯಾಕ್ಟರಿಗಳ ಶಿಫ್ಟ್ ಬಿಟ್ಟಾಗ ನೋಡಿ. ಬೆಳಗಿನಿಂದ ಹೊಲಿಗೆ ಮಿಷಿನ್ನಿನ ಮುಂದೆ ಕೂತು ಸೊಂಟ ಬಿದ್ದ ಹೆಣ್ಣುಮಕ್ಕಳು ಅವರೆಕಾಯಿಗೆ ಚೌಕಾಸಿ ಮಾಡುತ್ತಾರೆ. ಉಳಿದ ಚಿಲ್ಲರೆಯಲ್ಲಿ ಒಂದು ಮೊಳ ಸೇವಂತಿಗೆ ಕೊಳ್ಳುತ್ತಾರೆ. ಒಂದೇ ಚೀಲದಲ್ಲಿ ಎರಡೂ ಮನೆಗೆ ಹೋಗುತ್ತವೆ. ಹೂವು ಉಳ್ಳವರದ್ದು ಮಾತ್ರ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಹೊರಟವಳು ಅವರ ಮಕ್ಕಳಿಗೆ ಪಾಠ ಹೇಳುವ ನಾನು.

ಈ ವರ್ಷ ಗುರುವಾರದ ಪಿರಿಯಡ್ಡನ್ನು ಚಿತ್ರಕಲೆಗೆ ಹಿಂತಿರುಗಿಸಿದ್ದೇನೆ. ಆ ಹುಡುಗಿಗೆ ಮಾತ್ರ ಹಿಂತಿರುಗಿಸಲಾರೆ.

ಪೆಟೂನಿಯ ಬಿರಿದಿದೆ, ಪಾತ್ರೆ ತೊಳೆದ ನೀರು ಕುಡಿದೇ. ಅತ್ತೆ ಈಗಲೂ ಗೊಣಗುತ್ತಾರೆ. ಬೆಳಗ್ಗೆ ಬಿಸಿಲು ಕಾಯಲು ಕುರ್ಚಿ ಹಾಕಿಸಿಕೊಳ್ಳುವುದು ಮಾತ್ರ ಆ ಟಬ್ಬಿನ ಪಕ್ಕದಲ್ಲೇ.